ಕ್ರೈಸ್ತ ಶ್ರದ್ಧೆಯಲ್ಲಿ ದುಃಖ ಮತ್ತು ಸಮಾಧಾನ

ದುಃಖದಲ್ಲಿರುವವರನ್ನು ಕಂಡಾಗ ‘ಸಮಾಧಾನ ಮಾಡಿಕೊಳ್ಳಿ’ ಎನ್ನುವುದು ನಮ್ಮಲ್ಲಿ ರೂಢಿ. ಆ ಮಾತನ್ನು ಆಡುವುದು ಸುಲಭ. ಕೇಳಿದವರಿಗೆ ಅದರಂತೆ ನಡೆಯುವುದು ಸುಲಭವಲ್ಲ. ಸಮಾಧಾನವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ. ಶಾಸ್ತ್ರಚರ್ಚೆಯಲ್ಲಿ ಒಂದು ಆಕ್ಷೇಪ ಬಂದರೆ ಅದಕ್ಕೆ ಕೊಡುವ ಉತ್ತರ ಸಮಾಧಾನ. ಕ್ಷೋಭೆಗೊಂಡ ಮನಸ್ಸು ಒಂದು ನೆಲೆಗೆ ಬಂದು ನಿಲ್ಲುವುದೂ ಸಮಾಧಾನವೇ. ಮೊದಲನೆಯದು ಬುದ್ಧಿಗೆ ಸಂಬಂಧಿಸಿದ್ದು, ಎರಡನೆಯದು ಜೀವಕ್ಕೆ. ಉತ್ತರ ದೊರೆತರೆ ನೆಮ್ಮದಿ ತಾನಾಗಿ ಬರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದುದರಿಂದಲೇ ‘ನನಗೇ ಏಕೆ ಹೀಗಾಯಿತು?’ ಎಂದು ಕೇಳುವವರ ಮುಂದೆ ಕರ್ಮ, ಹಣೆಬರಹ, ದೈವಸಂಕಲ್ಪ ಮೊದಲಾದ ಉತ್ತರಗಳನ್ನು ಇಡುತ್ತೇವೆ. ಆದರೆ ಉತ್ತರ ದೊರೆತೂ ನೆಮ್ಮದಿ ದೊರೆಯದವರುಂಟು. ಉತ್ತರವೇ ದೊರೆಯದೆ ನೆಮ್ಮದಿ ಕಂಡವರೂ ಉಂಟು. ಈ ಎರಡನೆಯ ಸಂಗತಿ ಹೇಗೆ ಸಾಧ್ಯವೆಂಬುದನ್ನು ಕ್ರೈಸ್ತ ಶ್ರದ್ಧೆಯನ್ನು ಆಧರಿಸಿ ವಿಚಾರಮಾಡುವುದು ಈ ಭಾಷಣದ ಉದ್ದೇಶ.

ನಾನು ಕ್ರೈಸ್ತನಲ್ಲ. ಬದುಕಿನ ಬಹುಭಾಗವನ್ನು ಕನ್ನಡ ಸಾಹಿತ್ಯದ ಅಧ್ಯಾಪನದಲ್ಲಿ ಕಳೆದವನು. ಬೈಬಲ್ಲನ್ನು ನಾನು ಮೊದಲು ಓದಿದ್ದು ಭಾಷೆಯ ಕುತೂಹಲದಿಂದ. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯೂ ಅವರ ಸಂಗಡಿಗರೂ ಕೈಗೊಂಡ ಬೈಬಲ್ ಅನುವಾದ ಹೊಸಗನ್ನಡ ಗದ್ಯದ ಚರಿತ್ರೆಯಲ್ಲಿ ಕಡೆಗಣಿಸುವಂಥದಲ್ಲ. ಆ ದೃಷ್ಟಿಯಿಂದ ಅದರ ಪುಟಗಳನ್ನು ತಿರುವುತ್ತಿದ್ದವನಿಗೆ, ಮುಂದೆ ಬದುಕಿನಲ್ಲಿ ಒಂದು ನಷ್ಟ ಒದಗಿದ ಮೇಲೆ, ಅದೇ ಪುಟಗಳು ಬೇರೆ ಬಗೆಯಲ್ಲಿ ಕಾಣಿಸತೊಡಗಿದವು.

ಹೊಸ ಒಡಂಬಡಿಕೆ ರಚಿತವಾದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಸಾಂತ್ವನವೆಂಬ ಅರ್ಥದಲ್ಲಿ ಬರುವ ಮುಖ್ಯ ಶಬ್ದ ‘ಪಾರಾಕ್ಲೇಸಿಸ್’. ‘ಪಾರಾ’ ಎಂದರೆ ಪಕ್ಕ, ಮಗ್ಗುಲು. ಉಳಿದ ಭಾಗಕ್ಕೆ ಕರೆಯುವುದೆಂಬ ಅರ್ಥ. ಪಕ್ಕಕ್ಕೆ ಕರೆಯುವುದು, ಪಕ್ಕದಲ್ಲಿ ನಿಂತು ಧೈರ್ಯ ಹೇಳುವುದು ಎಂಬುದು ಒಟ್ಟು ಭಾವ. ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿ ಐದೇ ವಾಕ್ಯಗಳ ಅಳತೆಯಲ್ಲಿ ಈ ಶಬ್ದವೂ ಇದರ ಕ್ರಿಯಾರೂಪವೂ ಸೇರಿ ಹತ್ತು ಸಲ ಬರುತ್ತವೆ. ಯೋಹಾನನ ಸುವಾರ್ತೆಯಲ್ಲಿ ಪವಿತ್ರಾತ್ಮನಿಗೆ ಇರುವ ಹೆಸರೂ ಇದೇ ಮೂಲದ್ದು. ಕನ್ನಡ ಬೈಬಲ್ಲು ಅದನ್ನು ‘ಸಹಾಯಕ’ನೆಂದು ಅನುವಾದಿಸಿದೆ. ಇಂಗ್ಲಿಷಿನ ‘ಕಂಫರ್ಟ್’ ಎಂಬ ಶಬ್ದದ ಒಳಗೆ ‘ಬಲ’ ಎಂಬರ್ಥದ ಲ್ಯಾಟಿನ್ ಮಾತು ಅಡಗಿದೆ. ಒಂದು ಶಬ್ದದಲ್ಲಿ ಜತೆಗಾರಿಕೆ, ಇನ್ನೊಂದರಲ್ಲಿ ಬಲ. ಸಂಶಯನಿವಾರಣೆಯ ಅರ್ಥ ಎರಡರಲ್ಲಿಯೂ ಇಲ್ಲವೆಂಬುದನ್ನು ಗಮನಿಸಬೇಕು.

ದುಃಖಕ್ಕೆ ಕಾರಣ ಹೇಳುವ ಪ್ರಯತ್ನ ಬೈಬಲ್ಲಿನಲ್ಲಿ ನಡೆದೇ ಇಲ್ಲವೆಂದಲ್ಲ. ನಡೆದಿದೆ, ಆದರೆ ಅದು ಒಂದು ದೊಡ್ಡ ಗ್ರಂಥದಲ್ಲಿ ಖಂಡಿತವೂ ಆಗಿದೆ. ಹಳೆಯ ಒಡಂಬಡಿಕೆಯ ಯೋಬನ ಗ್ರಂಥ ೪೨ ಅಧ್ಯಾಯಗಳ ಕೃತಿ. ಅದರ ಹೆಚ್ಚು ಭಾಗ ಪದ್ಯ. ಯೋಬನು ನೀತಿವಂತ, ದೈವಭಕ್ತ, ಸಂಪನ್ನ. ಅವನ ದನಕರುಗಳು ಹೋದವು, ಮಕ್ಕಳು ಸತ್ತರು, ಮೈತುಂಬ ಹುಣ್ಣುಗಳೆದ್ದವು. ಅವನು ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಿದ್ದಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ದೂರದಿಂದ ಬರುತ್ತಾರೆ. ಅವನ ಗುರುತು ಹತ್ತದೆ ಗಟ್ಟಿಯಾಗಿ ಅಳುತ್ತಾರೆ. ಏಳು ಹಗಲು ಏಳು ರಾತ್ರಿ ಒಂದು ಮಾತನ್ನೂ ಆಡದೆ ಅವನೊಡನೆ ನೆಲದ ಮೇಲೆ ಕುಳಿತಿರುತ್ತಾರೆ. ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿಯಾಗಿದೆ. ಆಮೇಲೆ ಅವರು ಬಾಯಿ ತೆರೆಯುತ್ತಾರೆ.

ಅವರ ವಾದದ ಸಾರ ಇಷ್ಟು: ದೇವರು ನ್ಯಾಯವಂತ, ನ್ಯಾಯವಂತನಾದ ದೇವರು ನಿರಪರಾಧಿಯನ್ನು ದಂಡಿಸುವುದಿಲ್ಲ, ನೀನು ದಂಡಿತನಾಗಿದ್ದೀಯೆ, ಆದುದರಿಂದ ನೀನು ಎಲ್ಲಿಯೋ ಪಾಪ ಮಾಡಿರಬೇಕು. ತರ್ಕ ಅಚ್ಚುಕಟ್ಟಾಗಿದೆ. ಯೋಬನು ಇದನ್ನು ಒಪ್ಪುವುದಿಲ್ಲ. ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರ ಮೇಲೆಯೇ ದೂರು ಹೊರಿಸುತ್ತಾನೆ, ತನ್ನ ವ್ಯಾಜ್ಯವನ್ನು ಅವನ ಮುಂದೆಯೇ ವಾದಿಸಬೇಕೆಂದು ಹಂಬಲಿಸುತ್ತಾನೆ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಆದರೆ ಯೋಬನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನಕ್ಷತ್ರಗಳ, ಸಮುದ್ರದ, ಕಾಡುಮೃಗಗಳ ವಿಷಯದಲ್ಲಿ ತಾನೇ ಪ್ರಶ್ನೆಗಳನ್ನು ಕೇಳುತ್ತಾನೆ. ಇಲ್ಲಿಯವರೆಗೆ ಓದಿದವರಿಗೆ ದೇವರು ಸ್ನೇಹಿತರ ಪಕ್ಷ ವಹಿಸುತ್ತಾನೆಂದು ತೋರಬಹುದು. ನಡೆಯುವುದು ಅದಕ್ಕೆ ವಿರುದ್ಧ. ಕೊನೆಯ ಅಧ್ಯಾಯದಲ್ಲಿ ದೇವರು ಸ್ನೇಹಿತರ ಮೇಲೆ ಕೋಪಗೊಂಡು, ನನ್ನ ವಿಷಯದಲ್ಲಿ ಯೋಬನು ಆಡಿದಂತೆ ನೀವು ಸರಿಯಾಗಿ ಆಡಲಿಲ್ಲವೆಂದು ತೀರ್ಪು ಕೊಡುತ್ತಾನೆ.

ದೇವರನ್ನು ಸಮರ್ಥಿಸಿದವರು ತಪ್ಪಿತಸ್ಥರು. ದೇವರನ್ನು ದೂರಿದವನು ಸರಿ. ಇದು ಹೇಗೆ? ವಿದ್ವಾಂಸರು ಒಂದು ಸಂಗತಿಯನ್ನು ಗುರುತಿಸಿದ್ದಾರೆ. ಸ್ನೇಹಿತರು ಅಷ್ಟುದ್ದ ಮಾತಾಡಿದರೂ ದೇವರನ್ನು ಕುರಿತು ಮಾತಾಡಿದರೇ ಹೊರತು ದೇವರೊಡನೆ ಮಾತಾಡಲಿಲ್ಲ. ಯೋಬನಾದರೋ ಸ್ನೇಹಿತರಿಗೆ ಉತ್ತರ ಹೇಳುತ್ತ ಹೇಳುತ್ತಲೇ ಮುಖ ತಿರುಗಿಸಿ ದೇವರನ್ನೇ ಮಾತಾಡಿಸುತ್ತಾನೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ನೇಹಿತರ ಪಾಲಿಗೆ ದೇವರು ಪ್ರಥಮಪುರುಷ, ‘ಅವನು’. ಯೋಬನ ಪಾಲಿಗೆ ಮಧ್ಯಮಪುರುಷ, ‘ನೀನು’. ಕ್ರೈಸ್ತ ಸಾಂತ್ವನದ ಕೀಲಿ ಈ ಸರ್ವನಾಮದಲ್ಲಿದೆ ಎಂದು ನನಗೆ ತೋರುತ್ತದೆ.

ಇಲ್ಲಿ ಸ್ವಂತದ ಒಂದು ಮಾತನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನನ್ನ ಪತ್ನಿ ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡಾಗ ಮನೆಗೆ ಬಂದ ಬಂಧುಮಿತ್ರರೆಲ್ಲರೂ ಒಳ್ಳೆಯ ಮನಸ್ಸಿನವರೇ. ಒಬ್ಬರು ಋಣ ತೀರಿತೆಂದರು. ಒಬ್ಬರು ಯಾವ ಜನ್ಮದ ಫಲವೋ ಎಂದರು. ಒಬ್ಬರು ಆಕೆಗೆ ಬಿಡುಗಡೆಯಾಯಿತೆಂದು ಸಂತೋಷಪಡಬೇಕೆಂದರು. ನನ್ನ ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕರಾಗಿದ್ದ ಕ್ರೈಸ್ತ ಮಿತ್ರರೊಬ್ಬರು ಮಾತ್ರ ದಿನವೂ ಸಂಜೆ ಬಂದು ಜಗಲಿಯ ಮೇಲೆ ಒಂದು ಗಂಟೆ ಕುಳಿತಿದ್ದು ಹೋಗುತ್ತಿದ್ದರು. ಒಂದು ದಿನ ನಾನೇ ಕೇಳಿದೆ: “ನಿಮ್ಮ ಧರ್ಮದಲ್ಲಿ ಇದಕ್ಕೆ ಏನು ಹೇಳುತ್ತಾರೆ ಮೇಷ್ಟರೇ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಏಕೆ ಅಂತ ನಾವೂ ಕೇಳುತ್ತಲೇ ಇದ್ದೇವೆ ಸಾರ್. ಅವನೂ ಕೇಳುತ್ತಿದ್ದಾನೆ ಅಂತ ನಮ್ಮ ನಂಬಿಕೆ” ಎಂದರು. ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತು ಇರುವುದನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೆ. ಆ ಸಂಜೆಯ ಮೇಲೆ ನಾನು ಕೀರ್ತನೆಗಳ ಗ್ರಂಥವನ್ನು ಮತ್ತೆ ತೆಗೆದೆ.

ಕೀರ್ತನೆಗಳು ೧೫೦. ಹೆಸರು ಕೇಳಿದವರು ಅವೆಲ್ಲ ಸ್ತುತಿಪದ್ಯಗಳೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅವುಗಳಲ್ಲಿ ಮೂರನೆಯ ಒಂದು ಪಾಲಿನಷ್ಟು, ಅಥವಾ ಅದಕ್ಕಿಂತ ಹೆಚ್ಚು, ಪ್ರಲಾಪದ ಜಾತಿಗೆ ಸೇರಿದವು. ರೋಗಿಯ ಮೊರೆ, ಶತ್ರುಗಳ ಕೈಗೆ ಸಿಕ್ಕವನ ಮೊರೆ, ಆಪ್ತನಿಂದಲೇ ದ್ರೋಹವನ್ನುಂಡವನ ಮೊರೆ, ಸೋತು ಸೆರೆಹೋದ ಜನಾಂಗದ ಮೊರೆ ಅಲ್ಲಿವೆ. ಎಷ್ಟು ಕಾಲ ಸುಮ್ಮನಿರುತ್ತೀಯೆ, ನಿನಗೆ ಮರೆತುಹೋಯಿತೆ, ನಿದ್ರಿಸುತ್ತಿದ್ದೀಯೆ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಧಾಟಿ ಅವುಗಳದು. ಕನ್ನಡದ ಓದುಗರಿಗೆ ಈ ಧಾಟಿ ಪೂರ್ಣವಾಗಿ ಅಪರಿಚಿತವಲ್ಲ. ನಮ್ಮ ಹರಿದಾಸರಲ್ಲಿ ನಿಂದಾಸ್ತುತಿಯ ಸಂಪ್ರದಾಯವಿದೆ. ಶಿವಶರಣರೂ ದೇವರೊಡನೆ ಜಗಳವಾಡಿದ್ದಾರೆ. ಆದರೆ ಒಂದು ಅಂತರವುಂಟು. ನಿಂದಾಸ್ತುತಿಯಲ್ಲಿ ಮೇಲಿರುವುದು ನಿಂದೆ, ಒಳಗಿರುವುದು ಸ್ತುತಿ. ಬೈಯುವವನ ತುಟಿಯ ಮೇಲೆ ಸಣ್ಣದೊಂದು ನಗೆಯಿರುತ್ತದೆ. ಇಬ್ರಿಯರ ಪ್ರಲಾಪದಲ್ಲಿ ಆ ನಗೆಯಿಲ್ಲ. ಅಲ್ಲಿ ದೂರು ನಿಜವಾಗಿಯೂ ದೂರೇ.

ಇಂಥ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯಾಗುವುದರೊಳಗೆ ಭರವಸೆಯ ಕಡೆಗೆ ಹೊರಳುತ್ತವೆ. ೨೨ನೆಯದು ತೊರೆದುಹೋದ ದೇವರನ್ನು ಕುರಿತ ಆರ್ತನಾದದಿಂದ ಆರಂಭವಾಗಿ ತುಂಬಿದ ಸಭೆಯ ನಡುವಿನ ಸ್ತೋತ್ರದಲ್ಲಿ ಮುಗಿಯುತ್ತದೆ. ಆದರೆ ೮೮ನೆಯದು ಹೊರಳುವುದೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಶಬ್ದ ಕತ್ತಲೆ. ಸಂಕಲನಕಾರರು ಬಯಸಿದ್ದರೆ ಅದನ್ನು ಕೈಬಿಡಬಹುದಾಗಿತ್ತು, ಕೊನೆಗೆ ಆಶಾವಾದದ ನಾಲ್ಕು ಸಾಲುಗಳನ್ನು ಸೇರಿಸಬಹುದಾಗಿತ್ತು. ಎರಡನ್ನೂ ಮಾಡದೆ ಅದನ್ನು ಹಾಗೆಯೇ ಉಳಿಸಿದರು. ಬೆಳಕು ಕಾಣದವನ ಪ್ರಾರ್ಥನೆಯೂ ಪ್ರಾರ್ಥನೆಯೇ ಎಂಬ ಒಪ್ಪಿಗೆ ಇದರಲ್ಲಿದೆ.

ಈ ಕೀರ್ತನೆಗಳು ಒಬ್ಬನು ಮೂಲೆಯಲ್ಲಿ ಕುಳಿತು ಓದುವುದಕ್ಕೆಂದೇ ಹುಟ್ಟಿದವುಗಳೂ ಅಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠದ ನಿಯಮಾವಳಿಯನ್ನು ರೂಪಿಸಿದಾಗ ೧೫೦ ಕೀರ್ತನೆಗಳೂ ಒಂದು ವಾರದಲ್ಲಿ ಪಠಿತವಾಗುವಂತೆ ವ್ಯವಸ್ಥೆ ಮಾಡಿದನು. ಇದರಿಂದಾಗುವ ಪರಿಣಾಮವನ್ನು ಯೋಚಿಸಿ ನೋಡಿ. ಸುಖದಲ್ಲಿರುವವನೂ ವಾರಕ್ಕೊಮ್ಮೆ ದುಃಖಿಯ ಮಾತನ್ನು ತನ್ನ ಬಾಯಿಂದ ಆಡಬೇಕಾಗುತ್ತದೆ. ದುಃಖದಿಂದ ಬಾಯಿ ಕಟ್ಟಿದವನಿಗೆ ತನಗಿಂತ ಮೊದಲೇ ಯಾರೋ ಆಡಿಟ್ಟ ಮಾತು ಒದಗುತ್ತದೆ. ಅದನ್ನೂ ಉಚ್ಚರಿಸಲಾಗದ ದಿನ ಪಕ್ಕದಲ್ಲಿ ನಿಂತವರು ಅವನ ಪರವಾಗಿ ಉಚ್ಚರಿಸುತ್ತಾರೆ. ‘ಪಾರಾಕ್ಲೇಸಿಸ್’ ಎಂಬ ಶಬ್ದದಲ್ಲಿರುವ ಪಕ್ಕದ ಭಾವ ಆಚರಣೆಗೆ ಬರುವ ಬಗೆ ಇದು.

ಇನ್ನು ಏಸುಕ್ರಿಸ್ತನ ವಿಷಯಕ್ಕೆ ಬರೋಣ. ಬೇಥಾನ್ಯದಲ್ಲಿ ತನ್ನ ಮಿತ್ರನಾದ ಲಾಜರನು ಸತ್ತು ನಾಲ್ಕು ದಿನವಾದ ಮೇಲೆ ಏಸು ಅಲ್ಲಿಗೆ ಹೋಗುತ್ತಾನೆ. ಸತ್ತವನ ಅಕ್ಕತಂಗಿಯರಾದ ಮಾರ್ಥ, ಮರಿಯ ಇಬ್ಬರೂ ಒಂದೇ ಆಕ್ಷೇಪವನ್ನು ಎತ್ತುತ್ತಾರೆ: ನೀನು ಇಲ್ಲಿದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಎಂದು. ಏಸು ಅವರನ್ನು ಗದರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಲಾಜರನನ್ನು ಎಬ್ಬಿಸಲಿರುವವನು ಅದಕ್ಕೆ ಮುಂಚೆ ಕಣ್ಣೀರಿಡುತ್ತಾನೆ. ಮುಂದೆ ನಲಿವು ಕಾದಿದೆ ಎಂಬ ಕಾರಣಕ್ಕೆ ಈಗಿನ ಅಳುವನ್ನು ಅವನು ಅನಗತ್ಯವೆಂದು ಎಣಿಸಲಿಲ್ಲ. ಗೆತ್ಸೇಮನೆಯ ತೋಟದಲ್ಲಿ ತನ್ನ ಪಾಲಿನ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡುತ್ತಾನೆ, ಶಿಷ್ಯರು ಎಚ್ಚರವಿದ್ದು ಜತೆಗಿರಲೆಂದು ಕೇಳಿಕೊಳ್ಳುತ್ತಾನೆ, ಅವರು ನಿದ್ರಿಸುತ್ತಾರೆ. ಕೊನೆಗೆ ಶಿಲುಬೆಯ ಮೇಲೆ, ಮತ್ತಾಯ ಮತ್ತು ಮಾರ್ಕರು ಹೇಳುವಂತೆ, ಆಗಲೇ ಹೆಸರಿಸಿದ ೨೨ನೆಯ ಕೀರ್ತನೆಯ ಮೊದಲ ಮಾತನ್ನೇ ಕೂಗಿ ಹೇಳುತ್ತಾನೆ.

ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ಏಸುವಿನ ಬಾಳಿನ ಕೊನೆಯ ದಿನವನ್ನೇ ವಸ್ತುವಾಗಿ ಆರಿಸಿಕೊಂಡದ್ದು ಕನ್ನಡಿಗರಿಗೆ ತಿಳಿದಿದೆ. ಕ್ರೈಸ್ತರಲ್ಲದ ಕವಿಯನ್ನೂ ಆ ದಿನ ಸೆಳೆದುದರಲ್ಲಿ ಆಶ್ಚರ್ಯವಿಲ್ಲ. ದೇವರ ಮಗನೆಂದು ಕ್ರೈಸ್ತರು ನಂಬುವವನೇ ದೇವರಿಂದ ತೊರೆಯಲ್ಪಟ್ಟವನ ಮಾತನ್ನು ಆಡುತ್ತಿದ್ದಾನೆ. ನೊಂದ ಕ್ರೈಸ್ತನು ಶಿಲುಬೆಯನ್ನು ನೋಡಿದಾಗ ಅವನಿಗೆ ಕಾಣುವುದು ದುಃಖದ ಕಾರಣವಲ್ಲ. ತಾನು ಇರುವ ತಗ್ಗಿಗೇ ಇಳಿದುಬಂದ ದೇವರು. ಇದು ಅವನ ಸಾಂತ್ವನದ ಒಂದು ಮುಖ. ಇನ್ನೊಂದು ಮುಖ ಪುನರುತ್ಥಾನ. ಸಾವು ಕೊನೆಯ ಮಾತಲ್ಲವೆಂಬ ನಿರೀಕ್ಷೆಯನ್ನು ತೆಗೆದುಬಿಟ್ಟರೆ ಕ್ರೈಸ್ತ ಶ್ರದ್ಧೆಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲವೆಂದು ಪೌಲನೇ ಹೇಳಿದ್ದಾನೆ. ಆದರೆ ಯೋಹಾನನ ಸುವಾರ್ತೆಯ ಪ್ರಕಾರ, ಎದ್ದುಬಂದ ಏಸುವಿನ ಕೈಗಳಲ್ಲಿ ಮೊಳೆಗಳ ಗಾಯಗಳು ಹಾಗೆಯೇ ಇದ್ದವು. ಸಂಶಯಪಟ್ಟ ತೋಮನು ಅವನನ್ನು ಗುರುತಿಸಿದ್ದು ಆ ಗಾಯಗಳಿಂದಲೇ. ದುಃಖ ನಡೆಯಲೇ ಇಲ್ಲವೆಂಬಂತೆ ಅದನ್ನು ಅಳಿಸಿಹಾಕುವ ಭರವಸೆ ಅಲ್ಲಿಯೂ ಇಲ್ಲ.

ವಿವರಣೆಗೂ ಸಾಂತ್ವನಕ್ಕೂ ಇರುವ ದೂರವನ್ನು ತನ್ನ ಬಾಳಿನಲ್ಲಿಯೇ ಅಳೆದ ಲೇಖಕರೊಬ್ಬರನ್ನು ಇಲ್ಲಿ ನೆನೆಯಬಹುದು. ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಸಿ. ಎಸ್. ಲೂಯಿಸ್ ೧೯೪೦ರಲ್ಲಿ ‘ದಿ ಪ್ರಾಬ್ಲೆಮ್ ಆಫ್ ಪೇನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಒಳ್ಳೆಯ ದೇವರು ಆಳುವ ಲೋಕದಲ್ಲಿ ನೋವೇಕೆ ಎಂಬುದಕ್ಕೆ ಅದು ಒಬ್ಬ ಪಂಡಿತನ ಸಮಾಧಾನ. ಆ ಶಬ್ದದ ಮೊದಲನೆಯ ಅರ್ಥದಲ್ಲಿ. ೧೯೬೦ರ ಜುಲೈಯಲ್ಲಿ ಅವರ ಪತ್ನಿ, ಅಮೆರಿಕದ ಕವಯಿತ್ರಿ ಜಾಯ್ ಡೇವಿಡ್‌ಮನ್, ಕ್ಯಾನ್ಸರಿನಿಂದ ತೀರಿಕೊಂಡರು. ಆ ದಿನಗಳಲ್ಲಿ ಲೂಯಿಸ್ ಬರೆದಿಟ್ಟ ಟಿಪ್ಪಣಿಗಳು ೧೯೬೧ರಲ್ಲಿ ‘ಎ ಗ್ರೀಫ್ ಅಬ್ಸರ್ವ್ಡ್’ ಎಂಬ ಸಣ್ಣ ಪುಸ್ತಕವಾಗಿ ಎನ್. ಡಬ್ಲ್ಯು. ಕ್ಲಾರ್ಕ್ ಎಂಬ ಗುಪ್ತನಾಮದಲ್ಲಿ ಹೊರಬಂದವು. ಮೊದಲ ಪುಸ್ತಕದ ತರ್ಕಕೌಶಲ ಎರಡನೆಯದರಲ್ಲಿ ಅವರಿಗೆ ಆಸರೆಯಾಗುವುದಿಲ್ಲ. ದೇವರ ಮನೆಯ ಬಾಗಿಲು ಒಳಗಿನಿಂದ ಅಗುಳಿ ಹಾಕಿದಂತಿದೆ ಎಂದು ಅವರು ದೂರುತ್ತಾರೆ, ದೇವರು ಕ್ರೂರಿಯೇ ಎಂದು ಕೂಡ ಕೇಳುತ್ತಾರೆ. ಪುಸ್ತಕ ಮುಂದುವರಿದಂತೆ ಆ ಬಾಗಿಲು ಹಾಗೆ ಮುಚ್ಚಿಕೊಂಡಿಲ್ಲವೆಂಬ ಭಾವ ನಿಧಾನವಾಗಿ ಮೂಡುತ್ತದೆ. ಪ್ರಶ್ನೆಗಳಿಗೆ ಉತ್ತರ ಬಂದಿತೆಂದಲ್ಲ. ಪ್ರಶ್ನೆ ಕೇಳುವ ಮನಸ್ಸು ತುಸು ಶಾಂತವಾಯಿತು. ನೊಂದವರು ಇಂದಿಗೂ ಹೆಚ್ಚು ಹುಡುಕಿ ಓದುವುದು ಈ ಎರಡನೆಯ ಪುಸ್ತಕವನ್ನೇ.

ಪೌಲನ ಪತ್ರದಲ್ಲಿ ಸಾಂತ್ವನಕ್ಕೆ ಇನ್ನೊಂದು ಲಕ್ಷಣವನ್ನು ಹೇಳಿದೆ: ತಾನು ಪಡೆದ ಸಾಂತ್ವನದಿಂದ ಇತರರನ್ನು ಸಂತೈಸುವ ಸಾಮರ್ಥ್ಯ ಬರುತ್ತದೆ ಎಂದು. ಇದಕ್ಕೆ ನಿದರ್ಶನವನ್ನು ನಮ್ಮ ನೆರೆಯಲ್ಲಿಯೇ ಕಾಣಬಹುದು. ಚಿಕಿತ್ಸೆಗೆಂದು ಕನ್ನಡನಾಡಿನಿಂದಲೂ ಎಷ್ಟೋ ಜನ ಹೋಗುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೇರಿ ವರ್ಗೀಸ್ ಎಂಬ ತರುಣ ವೈದ್ಯೆ ಇದ್ದರು. ಕೇರಳದ ಕ್ರೈಸ್ತ ಮನೆತನದವರು. ೧೯೫೪ರಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳ ಸ್ವಾಧೀನ ತಪ್ಪಿತು. ಅಲ್ಲಿಯ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರ ಪ್ರೋತ್ಸಾಹದಿಂದ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಮುದುರಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತರು. ಮುಂದೆ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದು ವೆಲ್ಲೂರಿನಲ್ಲಿ ಅಂಗವಿಕಲರ ಪುನರ್ವಸತಿ ವಿಭಾಗವನ್ನು ಮುನ್ನಡೆಸಿದರು. ೧೯೬೬ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಅಲ್ಲಿ ಆರಂಭವಾಯಿತು. ೧೯೭೨ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, ೧೯೮೬ರಲ್ಲಿ ತೀರಿಕೊಂಡರು. ಅವರ ಕಾಲುಗಳಿಗೆ ಶಕ್ತಿ ಮರಳಲಿಲ್ಲ. ಎದ್ದು ನಿಲ್ಲಲಾರದವರೆದುರಿಗೆ ಅದೇ ಸ್ಥಿತಿಯ ವೈದ್ಯೆ ಗಾಲಿಕುರ್ಚಿಯಲ್ಲಿ ಬಂದು ನಿಂತಾಗ ಆಕೆ ಬಾಯಲ್ಲಿ ಹೇಳಬೇಕಾದದ್ದು ಬಹಳವೇನೂ ಇರಲಾರದು.

ಇದನ್ನೆಲ್ಲ ಹೇಳುವಾಗ ಒಂದು ಆಕ್ಷೇಪವನ್ನು ಮರೆಯುವಂತಿಲ್ಲ. ೧೮೪೪ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಕಾರ್ಲ್ ಮಾರ್ಕ್ಸ್ ಧರ್ಮವನ್ನು ಅಫೀಮಿಗೆ ಹೋಲಿಸಿದ್ದು ಪ್ರಸಿದ್ಧವಾಗಿದೆ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅಮೆರಿಕದ ತೋಟಗಳಲ್ಲಿ ಗುಲಾಮರಾಗಿದ್ದ ಕರಿಯ ಜನರಿಗೆ, ಒಡೆಯರಿಗೆ ವಿಧೇಯರಾಗಿರಿ ಎಂಬ ಬೋಧೆಯನ್ನು ಬೈಬಲ್ಲನ್ನು ಕೈಯಲ್ಲಿ ಹಿಡಿದೇ ಮಾಡಲಾಯಿತು. ಮನುಷ್ಯನು ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ದೈವಚಿತ್ತವೆಂದು ಕರೆದು ಸಹಿಸಿಕೊಳ್ಳಿ ಎನ್ನುವುದು ಸಾಂತ್ವನವಲ್ಲ. ಅದು ಯೋಬನ ಸ್ನೇಹಿತರ ವಾದಕ್ಕಿಂತಲೂ ಹೀನವಾದದ್ದು. ಆದರೆ ಅದೇ ಗುಲಾಮರು ಅದೇ ಗ್ರಂಥದಲ್ಲಿ ಈಜಿಪ್ಟಿನ ದಾಸ್ಯದಿಂದ ಜನರನ್ನು ಬಿಡಿಸಿ ಕರೆತಂದ ದೇವರನ್ನು ಕಂಡುಕೊಂಡರು. ಅವನಿಗೆ ಮೊರೆಯಿಡುವ ಹಾಡುಗಳನ್ನು ತಾವೇ ಕಟ್ಟಿಕೊಂಡರು. ಬಾಯಿ ಮುಚ್ಚಿಸುವ ಸಾಂತ್ವನ ಒಂದು, ಬಾಯಿ ಬಿಡಿಸುವ ಸಾಂತ್ವನ ಇನ್ನೊಂದು. ಮೊರೆಯಿಡಲು ಕಲಿತವನು ಅನ್ಯಾಯವನ್ನು ಅನ್ಯಾಯವೆಂದು ಹೆಸರಿಸುವುದನ್ನೂ ಕಲಿಯುತ್ತಾನೆ.

ಕ್ರೈಸ್ತರಲ್ಲದ ನಮ್ಮಂಥವರಿಗೆ ಇದರಿಂದ ಏನು ಪ್ರಯೋಜನ? ಮಾತಾಡಿದರೆ ಭಾರ ಇಳಿಯುತ್ತದೆ ಎಂಬ ಮನಶ್ಶಾಸ್ತ್ರದ ಸೂತ್ರಕ್ಕೆ ಇದನ್ನು ಇಳಿಸಿಬಿಡುವುದು ಸರಿಯಲ್ಲ. ನಂಬಿದವನ ಪಾಲಿಗೆ ಆಲಿಸುವವನು ನಿಜವಾಗಿಯೂ ಇದ್ದಾನೆ. ಅವನಿಲ್ಲದಿದ್ದರೆ ಆ ಸಾಂತ್ವನಕ್ಕೆ ಬುಡವೇ ಇಲ್ಲ. ಆ ನಂಬಿಕೆಯನ್ನು ಬೇಕೆಂದಾಗ ಎರವಲು ತರಲು ಬರುವುದಿಲ್ಲ. ಆದರೂ ಸಾವಿನ ಮನೆಯ ಹೊಸಿಲು ದಾಟುವಾಗ ನಾವು ಯಾರಾದರೂ ನೆನಪಿನಲ್ಲಿಡಬಹುದಾದದ್ದು ಒಂದುಂಟು. ಅಲ್ಲಿ ‘ಏಕೆ’ ಎಂಬ ಮಾತು ಕೇಳಿಬಂದರೆ ಅದಕ್ಕೆ ಉತ್ತರ ಹುಡುಕುವ ಅವಸರ ಬೇಡ. ಎಲೀಫಜ, ಬಿಲ್ದದ, ಚೋಫರರು ತಮ್ಮ ಸ್ನೇಹಿತನಿಗೆ ಒದಗಿಬಂದದ್ದು ಮೊದಲ ಏಳು ದಿನಗಳಲ್ಲಿ, ಅವನೊಡನೆ ನೆಲದ ಮೇಲೆ ಕುಳಿತಿದ್ದಾಗ.